ನಡುಮನೆಯ ನಲವತ್ತು ನಿಮಿಷ

ಪೆಟ್ಟಿಗೆ ಗೇಟಿನ ಕಿರುಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಮುಂದೆ ಹಿಡಿದಿದ್ದ ಇಬ್ಬರು ಆಗಲೇ ರಸ್ತೆಗೆ ಇಳಿದಿದ್ದರು, ಹಿಂದೆ ಹಿಡಿದಿದ್ದ ಇಬ್ಬರು ಇನ್ನೂ ಅಂಗಳದಲ್ಲಿದ್ದರು. ಪೆಟ್ಟಿಗೆಯೊಳಗಿದ್ದ ದೊಡ್ಡಕ್ಕ ನಡುವೆ ನಿಂತುಬಿಟ್ಟಳು.

"ಸ್ವಲ್ಪ ಓರೆ ಮಾಡ್ರೇ," ಎಂದಳು ಪಟಾಕಿ.

"ಓರೆ ಮಾಡಿದ್ರೆ ಒಳಗೆ ಜಾರ್ತಾಳೆ."

"ಜಾರ್ಲಿ ಬಿಡು. ಎದ್ದು ಬೈತಾಳಾ?"

ಯಾರಿಗೂ ನಗು ಬರಲಿಲ್ಲ. ಮಾತಾಡಿದರೆ ಸಿಡಿಯುವ ಪಟಾಕಿಗೂ ಬರಲಿಲ್ಲ.

ಹಿಂದಿನ ಎಡಮೂಲೆ ಹಿಡಿದಿದ್ದವಳು ಇಸ್ತ್ರಿ. ಲಾಂಡ್ರಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಕೆಲಸ ಅವಳದು. ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಮರದ ಅಂಚು ಅಂಗೈಗೆ ಒತ್ತುತ್ತಿತ್ತು. ಪಕ್ಕದಲ್ಲಿದ್ದ ದೊಡ್ಡ ಗೇಟನ್ನು ಅವಳು ನೋಡಿದಳು. ಲಾರಿ ಹೋಗುವಷ್ಟು ಅಗಲ, ಆದರೆ ಬೀಗ.

"ಮೇಡಂ, ಇದೊಂದು ದಿನ ದೊಡ್ಡ ಗೇಟು ತೆಗೀಬಹುದಲ್ಲ?"

"ಅದರ ಬೀಗದ ಕೈ ಇಲಾಖೆ ಕಚೇರೀಲಿದೆ. ಅರ್ಜಿ ಕೊಡಬೇಕು," ಎಂದರು ಮೇಡಂ. ಮನೆಯ ಮೇಲ್ವಿಚಾರಕಿ ಅವರು. ಐವತ್ತು ದಾಟಿದ ತೆಳ್ಳನೆಯ ಹೆಂಗಸು, ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಳ್ಳುತ್ತಿದ್ದರು. ಮಾತಿನ ನಡುನಡುವೆ ಕೈ ಮಗುಚಿ ನೋಡುವುದು ಅವರಿಗೆ ಅಭ್ಯಾಸ. "ಐದೂವರೆಗೆ ಸ್ಮಶಾನದಿಂದ ಹೊರಡಿ. ಆರಕ್ಕೆ ಇಲ್ಲಿ ಸಹಿ. ಇದು ನಾನು ಮಾಡಿದ ನಿಯಮ ಅಲ್ಲ, ನನ್ನ ಮೇಲೆ ಸಿಟ್ಟಾಗಬೇಡಿ."

ಕೊನೆಗೆ ಪೆಟ್ಟಿಗೆಯನ್ನು ಓರೆ ಮಾಡಲೇಬೇಕಾಯಿತು. ಒಳಗೆ ಏನೋ ಮೆತ್ತಗೆ ಸರಿದು ಇಸ್ತ್ರಿಯ ಕಡೆಗೆ ಭಾರ ಬಂತು. ಅವಳು ಕಣ್ಣು ಮುಚ್ಚಿಕೊಂಡು ಹೆಗಲು ಕೊಟ್ಟಳು.

ಪೆಟ್ಟಿಗೆ ವ್ಯಾನಿಗೆ ಏರಿದ ಮೇಲೆ ಮೇಡಂ ಅವಳನ್ನು ಪಕ್ಕಕ್ಕೆ ಕರೆದರು. ಕೈಯಲ್ಲೊಂದು ಹಾಳೆ. 'ಅಡುಗೆಯವರು ಕುಸಿದುಬಿದ್ದ ತಕ್ಷಣ ಅವರನ್ನು ಆಸ್ಪತ್ರೆಗೆ ಸಾಗಿಸಲಾಯಿತು' ಎಂದು ಬರೆದಿತ್ತು. ಕೆಳಗೆ ಐದು ಸಹಿ. ಆರನೆಯ ಗೆರೆ ಖಾಲಿ.

"ನೀನೊಬ್ಬಳೇ ಬಾಕಿ."

"ಬಂದ ಮೇಲೆ ಹಾಕ್ತೀನಿ ಮೇಡಂ. ವ್ಯಾನು ಕಾಯ್ತಿದೆ."

"ನಿನಗಿನ್ನು ಎಷ್ಟು ದಿನ?"

"ಹದಿನೈದು."

"ಕೆಂಪು ಗೆರೆ?"

"ಎರಡು."

ಮೇಡಂ ತಲೆಯಾಡಿಸಿದರು. "ಈ ಮನೆ ಮುಚ್ಚಿಸಿದ್ರೆ ನಿಮ್ಮನ್ನೆಲ್ಲ ಎಲ್ಲಿಗೆ ಕಳಿಸ್ತಾರೆ ಅಂತ ಗೊತ್ತಲ್ಲ. ನಾನು ಹೆದರಿಸ್ತಿಲ್ಲಮ್ಮ. ನನಗೇ ಹೆದರಿಕೆ ಆಗ್ತಿದೆ."

ಅವರು ನಿಜವನ್ನೇ ಹೇಳುತ್ತಿದ್ದರು. ಅದರಿಂದಲೇ ಇಸ್ತ್ರಿಗೆ ಇನ್ನಷ್ಟು ಭಯವಾಯಿತು.

*

ಬಾಗಿಲ ಮೇಲಿನ ಹಲಗೆಯಲ್ಲಿ 'ಮಹಿಳಾ ಪುನರ್ವಸತಿ ಕೇಂದ್ರ' ಎಂದಿತ್ತು. ಒಳಗಿದ್ದವರು ನಡುಮನೆ ಎನ್ನುತ್ತಿದ್ದರು. ಜೈಲಿನಿಂದ ಹೊರಗೆ, ಊರಿನಿಂದ ಒಳಗೆ. ಷರತ್ತಿನ ಮೇಲೆ ಬಿಡುಗಡೆಯಾದ ಹೆಂಗಸರು ಎಂಟು ತಿಂಗಳು ಇಲ್ಲಿರಬೇಕು. ಹಗಲು ಕೆಲಸ, ಆರಕ್ಕೆ ವಾಪಸ್ಸು, ಸಹಿ, ಬೀಗ. ತಪ್ಪಿದರೆ ಹೆಸರಿನ ಮುಂದೆ ಕೆಂಪು ಗೆರೆ. ಮೂರು ಗೆರೆ ಬಿದ್ದರೆ ಮತ್ತೆ ಜೈಲು ಎಂದು ಎಲ್ಲರಿಗೂ ಗೊತ್ತಿತ್ತು. ಯಾರು ಹೇಳಿದ್ದು ಎಂದು ಕೇಳಿದರೆ ಯಾರಿಗೂ ನೆನಪಿರಲಿಲ್ಲ.

ಏಳೂವರೆ ತಿಂಗಳ ಹಿಂದೆ ಇಸ್ತ್ರಿ ಬಂದ ದಿನ, ಕೈಚೀಲ ಹಿಡಿದು ಮಲಗುವ ಕೋಣೆಯ ಬಾಗಿಲ ಮುಂದೆ ನಿಂತಿದ್ದಳು. ಬಾಗಿಲು ಮುಚ್ಚಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಸೌಟು ಹಿಡಿದುಕೊಂಡು ಅಡುಗೆಮನೆಯಿಂದ ಬಂದ ದಪ್ಪ ಹೆಂಗಸೊಬ್ಬಳು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನಮ್ಮಾ, ಬಸ್ಸಿಗೆ ಕಾಯ್ತಿದ್ದೀಯಾ?"

"ಬಾಗಿಲು..."

"ಬೀಗ ಹಾಕಿಲ್ಲ. ಕೈ ಇದೆ ಅಲ್ವೇನೇ? ತಳ್ಳು."

ಆರು ವರ್ಷ ಒಂದೇ ಒಂದು ಬಾಗಿಲನ್ನೂ ತಾನು ತಳ್ಳಿರಲಿಲ್ಲ ಎಂಬುದು ಇಸ್ತ್ರಿಗೆ ಹೊಳೆದದ್ದು ಆಗಲೇ. ತಳ್ಳಿದಳು. ತಳ್ಳಿ, ಹೊಸ್ತಿಲಲ್ಲೇ ಕೂತು ಗೊಳೋ ಎಂದು ಅತ್ತಳು. ಆ ಹೆಂಗಸೇ ದೊಡ್ಡಕ್ಕ, ಸಮಾಧಾನ ಮಾಡಲಿಲ್ಲ. "ಎಲ್ಲರೂ ಇಲ್ಲೇ ಅಳೋದು. ಹೊಸ್ತಿಲು ಒದ್ದೆ ಮಾಡಬೇಡ, ನಾನೇ ಒರೆಸಬೇಕು," ಎಂದು ಒಳಗೆ ಹೋದಳು.

ದೊಡ್ಡಕ್ಕ ಹದಿನಾಲ್ಕು ವರ್ಷ ಒಳಗಿದ್ದವಳು. ಅದಕ್ಕೂ ಮೊದಲು ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದಳಂತೆ. ಈಗಲೂ ಡಬ್ಬಿಗೆ ಕೈ ಹಾಕಿದರೆ ಎಣಿಸದೆ ಸರಿಯಾಗಿ ಹತ್ತು ಬಿಸ್ಕತ್ತು ತೆಗೆಯುತ್ತಿದ್ದಳು. ಅವಳ ಶಿಕ್ಷೆ ಪೂರ್ತಿ ಮುಗಿದು ಒಂಬತ್ತು ವರ್ಷವಾಗಿತ್ತು. ಗೆರೆಯಿಲ್ಲ, ಸಹಿಯಿಲ್ಲ, ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಒಮ್ಮೆ ಹೋಗಿಯೂ ಇದ್ದಳು. ಬಾಡಿಗೆಗೆ ಒಂದು ಕೋಣೆ ಹಿಡಿದು ಹನ್ನೊಂದನೆಯ ದಿನಕ್ಕೆ ಗಂಟುಮೂಟೆ ಸಮೇತ ವಾಪಸ್ಸು ಬಂದಳು.

"ಬಾಗಿಲು ಹಾಕಿಕೊಂಡ್ರೆ ಉಸಿರು ಕಟ್ಟುತ್ತೆ, ತೆಗೆದಿಟ್ರೆ ಎದೆ ಹೊಡ್ಕೊಳ್ಳುತ್ತೆ. ಪಕ್ಕದಲ್ಲಿ ನಾಲ್ಕು ಜನ ಗೊರಕೆ ಹೊಡೀದೆ ನನಗೆ ನಿದ್ದೆ ಹತ್ತಲ್ಲ ಕಣೇ," ಎಂದು ಇಸ್ತ್ರಿಗೆ ಹೇಳಿದ್ದಳು. ಅಂದಿನಿಂದ ಇಲ್ಲೇ ಅಡುಗೆಯವಳು.

ಅಡುಗೆ ನೆಪಮಾತ್ರ. ಬಂದವರಿಗೆಲ್ಲ ರಸ್ತೆ ದಾಟುವುದನ್ನು ಕಲಿಸಿದವಳು ಅವಳು. ಕೆಲಸ ಕೇಳಲು ಹೋಗುವವರನ್ನು ಅಡುಗೆಮನೆಯ ಮಣೆಯ ಮೇಲೆ ಕೂರಿಸಿ, ತಾನು ಅಂಗಡಿಯ ಯಜಮಾನನಾಗಿ ಕಾಲಮೇಲೆ ಕಾಲು ಹಾಕಿ, ಗಂಟಲು ದಪ್ಪ ಮಾಡಿ ಕೇಳುತ್ತಿದ್ದಳು:

"ಇಷ್ಟು ವರ್ಷ ಎಲ್ಲಿದ್ರಿ?"

"ಮನೇಲಿದ್ದೆ ಸಾರ್," ಎಂದಿದ್ದಳು ಇಸ್ತ್ರಿ.

ಸೌಟು ಟಣ್ ಎಂದು ಪಾತ್ರೆಗೆ ಬಡಿಯಿತು. "ತಪ್ಪು. ಇವತ್ತು ಸುಳ್ಳು ಹೇಳಿ ಕೆಲಸ ಹಿಡಿದ್ರೆ ನಾಳೆಯಿಂದ ದಿನಾ ಹೆದರಬೇಕು. ಯಾರು ನೋಡಿದ್ರೂ ನನ್ನನ್ನೇ ನೋಡ್ತಿದ್ದಾರೆ ಅನ್ಸುತ್ತೆ. ಜೈಲಲ್ಲಿದ್ದೆ ಅನ್ನು. ಒಂದು ಹೆದರಿಕೆ ಕಡಿಮೆ ಆಗುತ್ತೆ."

ಆರು ಅಂಗಡಿಯವರು ಬಾಗಿಲು ತೋರಿಸಿದರು. ಏಳನೆಯ ಲಾಂಡ್ರಿಯವನು ಒಂದು ಅಂಗಿ ಕೊಟ್ಟು, "ಕಾಲರು ಸುಡದೆ ಮಾಡು ನೋಡೋಣ," ಎಂದ.

ಮೂರು ವಾರದ ಹಿಂದೆ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದಿದ್ದಳು. ಕನ್ನಡಕ, ಎದೆಗವಚಿಕೊಂಡ ಫೈಲು. ಒಬ್ಬೊಬ್ಬರನ್ನೇ ಕೂರಿಸಿಕೊಂಡು, "ಈ ಕೇಂದ್ರದ ಬಗ್ಗೆ ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿ ನಮೂನೆ ತುಂಬಿಸಿಕೊಂಡಳು. ಮೇಡಂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಆರು ಜನರೂ "ಚೆನ್ನಾಗಿದೆ" ಎಂದರು. ಪಟಾಕಿಯಂತೂ "ತುಂಬಾ ಚೆನ್ನಾಗಿದೆ" ಎಂದಳು.

ದೊಡ್ಡಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. "ನನ್ನನ್ನೂ ಕೇಳಿ."

"ನೀವು ಸಿಬ್ಬಂದಿಯಲ್ವಾ? ಇದು ನಿವಾಸಿಗಳಿಗೆ."

"ಸಿಬ್ಬಂದಿ ಅಂದ್ರೆ ಕೈಯಲ್ಲಿ ಒಂದು ಬೀಗದ ಕೈ ಇರಬೇಕಲ್ಲಮ್ಮ? ಕೇಳಿದ್ರೆ, ನೀನು ಒಳಗಿದ್ದವಳು, ಕೊಡೋಕಾಗಲ್ಲ ಅಂತಾರೆ. ಈ ಮನೆ ಕೆಟ್ಟದ್ದು ಅಂತ ನಾನು ಹೇಳಲ್ಲ. ಇದಿಲ್ಲದಿದ್ರೆ ಇವರಲ್ಲಿ ಅರ್ಧ ಜನ ರಸ್ತೇಲಿ. ಆದ್ರೆ ಆರು ಗಂಟೆ ಮೇಲೆ ಇಲ್ಲಿ ಬೆಂಕಿ ಬಿದ್ರೆ ನಾವು ಯಾರನ್ನ ಕೂಗಬೇಕು? ಅದನ್ನ ಬರ್ಕೊಳ್ಳಿ."

ಅಧಿಕಾರಿ ಬರೆದುಕೊಂಡಳು. ನಮೂನೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಬರೆದಳು.

*

ವ್ಯಾನಿನ ಎರಡು ಬದಿಯ ಉದ್ದ ಬೆಂಚುಗಳಲ್ಲಿ ಹೆಂಗಸರು ಕೂತಿದ್ದರು. ನಡುವೆ ಪೆಟ್ಟಿಗೆ. ಡ್ರೈವರ್ ಪಕ್ಕದಲ್ಲಿ ಕಾವಲುಗಾರ ತಾತ, ಮಂಡಿಯ ಮೇಲೆ ಟೋಪಿ ಇಟ್ಟುಕೊಂಡು. ಮೂರು ದಿನದಿಂದ ಆತ ಯಾರ ಮುಖವನ್ನೂ ನೋಡಿರಲಿಲ್ಲ. ದಾರಿಯಲ್ಲಿ ಬಸ್ ಡಿಪೋದ ಹತ್ತಿರ ಒಬ್ಬಳು ಕೈ ಅಡ್ಡ ಹಿಡಿದು ಹತ್ತಿಕೊಂಡಳು. ಎರಡು ವರ್ಷದ ಹಿಂದೆ ನಡುಮನೆಯಿಂದ ಹೋದವಳು, ಡಿಪೋದಲ್ಲಿ ಬಸ್ಸು ತೊಳೆಯುತ್ತಾಳೆ. ಮೊಣಕಾಲಿನವರೆಗೂ ರಬ್ಬರ್ ಬೂಟು.

"ರಜ ಕೊಡಲಿಲ್ಲ. ಊಟದ ಹೊತ್ತು, ಟೀ ಹೊತ್ತು ಸೇರಿಸಿ ಬಂದೆ," ಎಂದು ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಕೈ ಒದ್ದೆಯಾಗಿತ್ತು, ಐದು ಬೆರಳಿನ ಗುರುತು ಮೂಡಿತು.

"ಹೊರಗೆ ಹೇಗಿದೆ ಅಕ್ಕಾ?" ಪಟಾಕಿ ಕೇಳಿದಳು.

"ಹೇಗಿದೆ ಅಂದ್ರೆ? ಈಗಲೂ ಆರಾಯ್ತು ಅಂದ್ರೆ ಕೆಲಸ ಬಿಟ್ಟು ಡಿಪೋ ಬಾಗಿಲಿಗೆ ಬಂದು ನಿಲ್ತೀನಿ. ಕಾಲೇ ಕರ್ಕೊಂಡು ಬರುತ್ತೆ. ಎಲ್ಲರೂ ನಗ್ತಾರೆ."

"ಆ ಮನೆ ನಿಮಗೆ ಮಾಡಿದ್ದು ಅದೇ. ಅದು ಪರದೆ ಹಾಕಿದ ಜೈಲು ಅಷ್ಟೇ."

"ಹಂಗನ್ನಬೇಡ. ನನ್ನನ್ನ ನೇರ ಬಿಟ್ಟಿದ್ರೆ ನಾನು ನನ್ನ ಗಂಡನ ಬೀದಿಗೇ ಹೋಗ್ತಿದ್ದೆ. ಬೇರೆ ದಾರಿ ಗೊತ್ತಿರಲಿಲ್ಲ. ಒಂದು ತಿಂಗಳಲ್ಲಿ ನಾನೋ ಅವನೋ ಒಬ್ಬರು ಪೆಟ್ಟಿಗೇಲಿರ್ತಿದ್ವಿ. ಆ ಮನೆ ನನಗೆ ಎಂಟು ತಿಂಗಳು ಯೋಚನೆ ಮಾಡೋಕೆ ಕೊಡ್ತು."

"ಯೋಚನೆ ಕೊಟ್ಟಿದ್ದು ಮನೆಯಲ್ಲ, ಇವಳು," ಎಂದು ಪಟಾಕಿ ಪೆಟ್ಟಿಗೆಯ ಕಡೆ ಗದ್ದ ತೋರಿಸಿದಳು.

ಬಸ್ಸು ತೊಳೆಯುವವಳು ಪೆಟ್ಟಿಗೆಯ ಮೇಲಿನ ಒದ್ದೆ ಗುರುತನ್ನು ತೋಳಿನಿಂದ ಒರೆಸಿದಳು. ಆಮೇಲೆ ಸಣ್ಣ ದನಿಯಲ್ಲಿ, "ಬೇಗ ಹೋಯ್ತಾ ಜೀವ? ತುಂಬಾ ನರಳಿದಳಾ?" ಎಂದು ಕೇಳಿದಳು.

ಬೆಂಚಿನ ಮೇಲಿದ್ದ ಆರೂ ಜನ ನೆಲ ನೋಡಿದರು. ಕಾವಲುಗಾರ ತಾತನ ಭುಜ ಕುಗ್ಗಿತು.

"ತಕ್ಷಣ ಆಸ್ಪತ್ರೆಗೆ ಸೇರಿಸಿದ್ವಿ," ಎಂದಳು ಒಬ್ಬಳು. ಹಾಳೆಯಲ್ಲಿದ್ದ ಮಾತನ್ನೇ, ಹಾಳೆಯಲ್ಲಿದ್ದ ಹಾಗೇ.

*

ಮೂರು ದಿನದ ಹಿಂದಿನ ಸಂಜೆ, ಆರೂಕಾಲು. ಇನ್ನೂ ಬೆಳಕಿತ್ತು. ಸಹಿಯಾಗಿ ಬೀಗ ಬಿದ್ದಿತ್ತು, ಮೊಬೈಲುಗಳೆಲ್ಲ ಆಫೀಸಿನ ಕಪಾಟು ಸೇರಿದ್ದವು. ಮೇಡಂ ಇಲಾಖೆಯ ಸಭೆಗೆ ಹೋಗಿದ್ದರು. ಕಾವಲುಗಾರ ತಾತ ತನ್ನ ಮಾತ್ರೆ ತರಲು ಬೀದಿ ಕೊನೆಯ ಔಷಧಿ ಅಂಗಡಿಗೆ ಹೋಗಿದ್ದ, ಬೀಗದ ಕೈ ಜೇಬಿನಲ್ಲಿ. "ಹತ್ತೇ ನಿಮಿಷ" ಎಂದಿದ್ದ. ಅಂಗಡಿಯಲ್ಲಿ ಜನವಿತ್ತು.

ಅಡುಗೆಮನೆಯಲ್ಲಿ ದಡ್ ಎಂದ ಸದ್ದಾಯಿತು. ಇಸ್ತ್ರಿ ಓಡಿಹೋದಾಗ ದೊಡ್ಡಕ್ಕ ಗೋಡೆಗೊರಗಿ ಕೂತಿದ್ದಳು. ಮುಖದ ತುಂಬ ಬೆವರು, ತುಟಿ ಬೂದಿಬಣ್ಣ. ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದಳು, ಅದು ಬೇರೆ ಯಾರದೋ ಕೈ ಎಂಬಂತೆ.

ಉಳಿದವರು ಬೀದಿಯ ಕಿಟಕಿಗೆ ಓಡಿ ಸರಳು ಹಿಡಿದು ಕೂಗಿದರು. ಕೊಡೆ ಹಿಡಿದಿದ್ದ ಒಬ್ಬಾತ ತಲೆಯೆತ್ತಿ ನೋಡಿದ. ಯಾವ ಮನೆ ಎಂದು ಗುರುತಿಸಿ ಹೆಜ್ಜೆ ಬಿರುಸು ಮಾಡಿದ. ಮಗುವಿನ ಕೈ ಹಿಡಿದಿದ್ದ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ರಸ್ತೆಯ ಆಚೆ ಬದಿಗೆ ದಾಟಿದಳು.

ಆಫೀಸಿನ ಬಾಗಿಲಿಗೆ ಬೀಗ. ಆದರೆ ಬಾಗಿಲ ಮೇಲರ್ಧ ಗಾಜು. ಗಾಜಿನಾಚೆ ಮೇಜು, ಮೇಜಿನ ಮೇಲೆ ಫೋನು. ಇಸ್ತ್ರಿ ಮೂಲೆಯಲ್ಲಿದ್ದ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಗಾಜಿನ ಮುಂದೆ ನಿಂತಳು. ಒಂದೇ ಏಟು ಸಾಕಿತ್ತು.

ಗಾಜಿನಲ್ಲಿ ಅವಳದೇ ಮುಖ ಕಂಡಿತು. ಎರಡು ಗೆರೆ ಇದ್ದವು: ಬಸ್ಸು ಕೆಟ್ಟು ಹನ್ನೊಂದು ನಿಮಿಷ ತಡವಾದದ್ದೊಂದು, ಹೊದಿಕೆಯೊಳಗೆ ಬಚ್ಚಿಟ್ಟುಕೊಂಡು ಮಗಳ ಜೊತೆ ಫೋನಿನಲ್ಲಿ ಮಾತಾಡಿದ್ದೊಂದು. ಮಗಳಿಗೆ ಒಂಬತ್ತು ವರ್ಷ, ಇಸ್ತ್ರಿಯ ಅಕ್ಕನ ಮನೆಯಲ್ಲಿದ್ದಳು. ಯಾರದೋ ಚೀಲವನ್ನು ಒಳಗೇನಿದೆ ಎಂದು ಕೇಳದೆ ಹೊತ್ತು ತಾಯಿ ಜೈಲಿಗೆ ಹೋದಾಗ ಅವಳಿಗೆ ಮೂರು. ಭಾನುವಾರ ಗೇಟಿಗೆ ಬಂದು, "ಇನ್ನು ಎಷ್ಟು ದಿನ ಅಮ್ಮಾ?" ಎಂದು ಕೇಳುತ್ತಿದ್ದಳು. ಆಫೀಸಿನ ಗಾಜು ಒಡೆದರೆ ಅದು ಮೂರನೆಯ ಗೆರೆ. ಸರ್ಕಾರದ ಸ್ವತ್ತು. ಅದಕ್ಕೆ ಬೇರೆ ಕೇಸೇ ಹಾಕಬಹುದು.

"ಏಯ್, ಇಸ್ತ್ರಿ," ಅಡುಗೆಮನೆಯಿಂದ ದೊಡ್ಡಕ್ಕ ಕರೆದಳು. ಎಲ್ಲ ಕಾಣಿಸುತ್ತಿತ್ತು ಅವಳಿಗೆ. "ಬೇಡ ಕಣೇ. ಇಳಿಸು ಅದನ್ನ. ತಾತ ಬಂದುಬಿಡ್ತಾನೆ."

ಇಸ್ತ್ರಿ ಇಳಿಸಿದಳು. ಬೇಡ ಎಂದ ಮೇಲೆ ಮೈಯೆಲ್ಲ ಹಗುರವಾಯಿತು. ಆ ಹಗುರವನ್ನು ಅವಳು ಆಮೇಲೆ ಮರೆಯಲಾರದೆ ಹೋದಳು.

ದೊಡ್ಡಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಗೋಡೆ ಗಡಿಯಾರದ ಮುಳ್ಳು ಆರೂವರೆ ದಾಟಿತು, ಮುಕ್ಕಾಲು ದಾಟಿತು. ದೊಡ್ಡಕ್ಕ ಒಂದು ಸಲ, "ಒಲೆ ಆರಿಸಿದ್ಯಾ?" ಎಂದಳು. ಇನ್ನೊಂದು ಸಲ ಇಸ್ತ್ರಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, "ನನಗೂ ಹೆದರಿಕೆ ಆಗ್ತಿದೆ ಕಣೇ," ಎಂದಳು. ಅದಾದ ಮೇಲೆ ಮಾತಾಡಲಿಲ್ಲ.

ತಾತ ಬಂದಾಗ ಏಳಕ್ಕೆ ಐದು ನಿಮಿಷ. ಆಸ್ಪತ್ರೆಯಲ್ಲಿ ಡಾಕ್ಟರು ಅವನಿಗೆ ಹೇಳಿದರಂತೆ: ಅರ್ಧ ಗಂಟೆ ಮುಂಚೆ ತಂದಿದ್ದರೆ ನೋಡಬಹುದಿತ್ತು.

*

ಸಾರ್ವಜನಿಕ ಸ್ಮಶಾನದ ಹಿಂದಿನ ಗೋಡೆಯ ಪಕ್ಕದಲ್ಲಿ ಗುಂಡಿ ತೋಡಿತ್ತು. ಗುಂಡಿ ತೋಡಿದ ಇಬ್ಬರಿಗೆ ಬೇರೆ ಕಡೆ ಕೆಲಸವಿತ್ತು. ಮುಚ್ಚುವುದನ್ನು ನೀವೇ ಮಾಡಿಕೊಳ್ಳಿ ಎಂದು ಮೂರು ಸಲಿಕೆ ಬಿಟ್ಟು ಹೋದರು. ಸ್ಮಶಾನದ ಗುಮಾಸ್ತ ದಪ್ಪ ಪುಸ್ತಕ ಹಿಡಿದು ಬಂದ.

"ಸಂಬಂಧಿಕರು ಯಾರು? ಇಲ್ಲಿ ಹೆಸರು, ಸಂಬಂಧ, ಸಹಿ."

ಪುಸ್ತಕಗಳಲ್ಲಿ ಸಹಿ ಮಾಡಿ ಮಾಡಿ ಆ ಹೆಂಗಸರಿಗೆ ಪುಸ್ತಕ ಕಂಡರೆ ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು.

"ಯಾರೂ ಇಲ್ವಾ? ಹಾಗಾದ್ರೆ ಅನಾಥ ಅಂತ ಬರೀಲಾ?"

"ತಡೀರಿ," ಎಂದಿತು ಒಂದು ದನಿ. ನೀರಿನ ನಲ್ಲಿಯ ಹತ್ತಿರ ತಲೆಗೆ ಬಟ್ಟೆ ಮುಚ್ಚಿಕೊಂಡು ನಿಂತಿದ್ದ ಹೆಂಗಸು. ಬೇರೆ ಯಾರದೋ ಸಮಾಧಿಗೆ ಬಂದವಳೆಂದು ಎಲ್ಲರೂ ಅಂದುಕೊಂಡಿದ್ದರು. "ನಾನು ಇದ್ದೀನಿ. ತಂಗಿ."

ಅವಳು ಬಂದು ಸಹಿ ಮಾಡಿದಳು. ಅಕ್ಷರ ಮುತ್ತಿನ ಹಾಗಿತ್ತು. ಅಂಚೆ ಕಚೇರಿಯಲ್ಲಿ ಕೆಲಸವಂತೆ. ಸಹಿಯಾದ ಕೂಡಲೇ ಹಿಂದೆ ತಿರುಗಿ, ಯಾರಾದರೂ ಪರಿಚಯದವರು ನೋಡುತ್ತಿದ್ದಾರೆಯೇ ಎಂದು ಗೇಟಿನ ಕಡೆ ಕಣ್ಣಾಡಿಸಿದಳು. ಆ ನೋಟ ಇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು.

ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ತಂಗಿ ಇಸ್ತ್ರಿಯ ಪಕ್ಕಕ್ಕೆ ಬಂದಳು.

"ಕೊನೇಲಿ ಹತ್ತಿರ ಯಾರಿದ್ರು?"

"ನಾನು."

"ನನ್ನ ವಿಷಯ ಏನಾದ್ರೂ ಅಂದಳಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ," ಎಂದಳು ಇಸ್ತ್ರಿ. "ಒಲೆ ಆರಿಸಿದ್ಯಾ ಅಂದಳು. ಆಮೇಲೆ ಹೆದರಿಕೆ ಆಗ್ತಿದೆ ಅಂದಳು."

ತಂಗಿ ಬಟ್ಟೆಯ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಗುಂಡಿಯನ್ನೇ ನೋಡುತ್ತ, ಯಾರಿಗೋ ಒಪ್ಪಿಸುವವಳ ಹಾಗೆ ಹೇಳತೊಡಗಿದಳು.

"ಅವಳು ಯಾಕೆ ಒಳಗೆ ಹೋದಳು ಅಂತ ನಿಮಗೆ ಗೊತ್ತಾ? ಹೇಳಿರಲ್ಲ. ನನ್ನ ಗಂಡ ನನ್ನ ಕತ್ತು ಹಿಸುಕ್ತಿದ್ದ. ನನಗೆ ಕಣ್ಣು ಕತ್ತಲೆ ಬಂದಿತ್ತು. ಅಕ್ಕ ಕಾರ್ಖಾನೆಯಿಂದ ನೇರ ಬಂದವಳು, ಕೈಗೆ ಸಿಕ್ಕಿದ್ದು ತಗೊಂಡು ಹೊಡೆದಳು. ಒಂದೇ ಏಟು. ಕೋರ್ಟಲ್ಲಿ ನನ್ನನ್ನ ಕೇಳಿದ್ರು, ಏನು ನಡೀತು ಅಂತ. ಎದುರಿಗೆ ಗಂಡನ ಅಣ್ಣತಮ್ಮಂದಿರು ಸಾಲಾಗಿ ಕೂತಿದ್ರು. ನನಗೆ ಏನೂ ಗೊತ್ತಿಲ್ಲ, ನಾನು ನೋಡಲಿಲ್ಲ ಅಂದೆ. ಅಷ್ಟೇ ಅಂದಿದ್ದು. ಎರಡು ಮಾತು."

"ದೊಡ್ಡಕ್ಕ ನಿಮ್ಮನ್ನ ಒಂದು ದಿನವೂ ಬೈದಿಲ್ಲ."

"ಗೊತ್ತು. ಕಾಗದ ಬರೀತಿದ್ದಳು. ನೀನು ಹೆದರಿದ್ದೆ, ಹೆದರಿದವರ ಮೇಲೆ ನನಗೆ ಕೋಪ ಇಲ್ಲ ಅಂತ. ನಾನು ಒಂದಕ್ಕೂ ಉತ್ತರ ಬರೀಲಿಲ್ಲ. ಅಂಚೆ ಕಚೇರೀಲೇ ಕೂತು ಬರೀಲಿಲ್ಲ." ಅವಳು ಇಸ್ತ್ರಿಯ ಕಡೆ ತಿರುಗಿದಳು. "ಬೈದಿದ್ರೆ ಎಷ್ಟೋ ಚೆನ್ನಾಗಿತ್ತು."

ಇಸ್ತ್ರಿ ಕೈಗೆ ಅಂಟಿದ್ದ ಮಣ್ಣನ್ನು ನೋಡಿದಳು. ದೊಡ್ಡಕ್ಕ ತನ್ನನ್ನೂ ಬೈದಿರಲಿಲ್ಲ. ಬೇಡ ಕಣೇ ಎಂದಿದ್ದಳು. ಇನ್ನು ಇಪ್ಪತ್ತು ವರ್ಷ ತಾನೂ ಆ ಎರಡು ಮಾತನ್ನು ಹೊತ್ತುಕೊಂಡು, ತಲೆಗೆ ಬಟ್ಟೆ ಮುಚ್ಚಿಕೊಂಡು ಯಾವುದೋ ನಲ್ಲಿಯ ಹತ್ತಿರ ನಿಲ್ಲುವುದು ಅವಳ ಕಣ್ಣಿಗೆ ಕಟ್ಟಿತು.

ಮರದ ಕೆಳಗೆ ಇಲಾಖೆಯ ಅಧಿಕಾರಿ ನಿಂತಿದ್ದಳು, ಅದೇ ಕನ್ನಡಕ, ಅದೇ ಫೈಲು. ಯಾಕೆ ಬಂದಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಯಾರೂ ಆ ಕಡೆ ಸುಳಿದಿರಲಿಲ್ಲ. ಇಸ್ತ್ರಿ ನಡೆದಳು. ಹತ್ತು ಹೆಜ್ಜೆಯ ದಾರಿಯಲ್ಲಿ ಎರಡು ಸಲ ನಿಂತಳು. ಹಿಂದಿನಿಂದ ಪಟಾಕಿ, "ಏಯ್, ಎಲ್ಲಿಗೆ ಹೋಗ್ತಿದ್ದೀಯೇ?" ಎಂದು ಪಿಸುಗುಟ್ಟಿದ್ದು ಕೇಳಿಸಿತು.

"ಮೇಡಂ, ತಕ್ಷಣ ಅಲ್ಲ. ನಲವತ್ತು ನಿಮಿಷ."

"ಏನು?"

"ದೊಡ್ಡಕ್ಕ ಬಿದ್ದಾಗ ಬೀಗ ಹಾಕಿತ್ತು. ಬೀಗದ ಕೈ ಒಳಗಿದ್ದ ಯಾರ ಹತ್ತಿರವೂ ಇರಲಿಲ್ಲ. ನಲವತ್ತು ನಿಮಿಷ ನನ್ನ ತೊಡೆ ಮೇಲಿದ್ದಳು. ಆಫೀಸಿನ ಗಾಜು ಒಡೆದು ಫೋನ್ ಮಾಡಬಹುದಿತ್ತು. ನಾನು ಒಡೀಲಿಲ್ಲ."

"ಯಾಕೆ?"

"ಎರಡು ಗೆರೆ ಇದೆ ನನಗೆ. ಮೂರಾದ್ರೆ ವಾಪಸ್ ಕಳಿಸ್ತಾರಲ್ಲ."

ಅಧಿಕಾರಿ ಕನ್ನಡಕ ತೆಗೆದಳು. "ಯಾರು ಹೇಳಿದ್ದು ಹಾಗಂತ? ಮೂರು ಗೆರೆಯಾದ್ರೆ ವಿಚಾರಣೆ ಮಾಡಬೇಕು, ನಿಮ್ಮ ಮಾತು ಕೇಳಬೇಕು. ಸುಮ್ಮನೆ ಕಳಿಸೋ ಹಾಗಿಲ್ಲ. ಜೀವ ಉಳಿಸೋಕೆ ಬೀಗ ಒಡೆದ್ರೂ ಗಾಜು ಒಡೆದ್ರೂ ಅದು ತಪ್ಪೇ ಅಲ್ಲ. ನಿಯಮದ ಪುಸ್ತಕದಲ್ಲೇ ಇದೆ. ನಿಮಗ್ಯಾರಿಗೂ ಪುಸ್ತಕ ಕೊಟ್ಟಿಲ್ವಾ?"

ಗೋಡೆಗೆ ಅಂಟಿಸಿದ್ದ ಒಂದು ಹಾಳೆ ಬಿಟ್ಟರೆ ಅವರಿಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಇಸ್ತ್ರಿ ಮರದ ಬೇರಿನ ಮೇಲೆ ಕೂತುಬಿಟ್ಟಳು. ಅವಳು ಹೆದರಿದ್ದು ಯಾವುದಕ್ಕೋ, ಅದು ಇರಲೇ ಇಲ್ಲ. ಅಷ್ಟರಲ್ಲಿ ಅವಳ ಸುತ್ತ ಬಂದು ಸೇರಿದ್ದ ಹೆಂಗಸರೂ ಅದನ್ನು ಕೇಳಿಸಿಕೊಂಡಿದ್ದರು. ಕಾವಲುಗಾರ ತಾತ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು, "ಬೀಗದ ಕೈ ನನ್ನ ಜೇಬಲ್ಲಿತ್ತಮ್ಮ, ನನ್ನ ಜೇಬಲ್ಲಿತ್ತು," ಎನ್ನುತ್ತಿದ್ದ.

"ಬರ್ಕೊಳ್ಳಲಾ? ಹೆಸರು ಹಾಕಬೇಕಾಗುತ್ತೆ," ಅಧಿಕಾರಿ ಕೇಳಿದಳು. "ಇದರಿಂದ ನಿಮಗೇನೂ ತೊಂದರೆ ಆಗಲ್ಲ ಅಂತ ಮಾತು ಕೊಡೋಕೆ ನನ್ನ ಕೈಲಾಗಲ್ಲ. ಮನೆ ಮುಚ್ಚಲ್ಲ ಅಂತಲೂ ಹೇಳಲಾರೆ. ಇವತ್ತು ಸಂಜೆಯೇ ಬಂದು ನೋಡ್ತೀನಿ, ಅಷ್ಟು ಹೇಳಬಲ್ಲೆ."

ಇಸ್ತ್ರಿ ಎದ್ದು ನಿಂತಳು. "ಬರ್ಕೊಳ್ಳಿ."

ಐದೂವರೆಯಾಯಿತು. ಗುಂಡಿ ಇನ್ನೂ ಅರ್ಧ ತುಂಬಿರಲಿಲ್ಲ. ತಾತ ಗಡಿಯಾರ ನೋಡಿ ಬಾಯಿ ತೆರೆದವನು ಹಾಗೇ ಮುಚ್ಚಿದ. ಬಸ್ಸು ತೊಳೆಯುವವಳು ಬೂಟುಗಾಲಿನಿಂದ ಸಲಿಕೆ ಒತ್ತಿದಳು. ಪಟಾಕಿ ಎರಡನೆಯದನ್ನು ತೆಗೆದುಕೊಂಡಳು. ಮೂರನೆಯದಕ್ಕೆ ಇಸ್ತ್ರಿ ಕೈ ಚಾಚುವಷ್ಟರಲ್ಲಿ ದೊಡ್ಡಕ್ಕನ ತಂಗಿ ತಲೆಯ ಬಟ್ಟೆ ತೆಗೆದು ಸೊಂಟಕ್ಕೆ ಬಿಗಿದುಕೊಂಡು ಅದನ್ನು ಹಿಡಿದಿದ್ದಳು.

*

ಆರು ಗಂಟೆ ಹನ್ನೆರಡು ನಿಮಿಷಕ್ಕೆ ಅವರು ಗೇಟು ದಾಟಿದರು. ಮೇಡಂ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿಯ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಹೇಳಿಬಿಟ್ಟೆಯಾ?"

"ಹೇಳಿದೆ ಮೇಡಂ. ಅವರು ಇವತ್ತೇ ಬರ್ತಾರಂತೆ."

ಮೇಡಂ ಒಳಗೆ ಹೋಗಿ ಹಾಜರಿ ಪುಸ್ತಕ ತೆರೆದರು. ಕೈ ಮಗುಚಿ ಗಡಿಯಾರ ನೋಡಿದರು. ಆರು ಹೆಸರಿನ ಮುಂದೆ ಆರು ಕೆಂಪು ಗೆರೆ ಎಳೆದರು; ಎಳೆಯದಿದ್ದರೆ ಅಧಿಕಾರಿ ಅದನ್ನೂ ಕೇಳುತ್ತಾಳೆ. ಇಸ್ತ್ರಿಯ ಹೆಸರಿನ ಹತ್ತಿರ ಬಂದಾಗ ಪೆನ್ನು ಒಂದು ಕ್ಷಣ ನಿಂತು, ಮತ್ತೆ ಮುಂದುವರಿಯಿತು.

"ನಿಯಮದ ಪುಸ್ತಕ ಇತ್ತಂತಲ್ಲ ಮೇಡಂ. ನಮಗೆ ಯಾಕೆ ಕೊಡಲಿಲ್ಲ?" ಪಟಾಕಿ ಕೇಳಿದಳು. ದನಿಯಲ್ಲಿ ಸಿಡಿತವಿರಲಿಲ್ಲ.

"ಒಂದೇ ಪ್ರತಿ ಕಳಿಸಿದ್ರು. ಕಪಾಟಲ್ಲಿದೆ." ಮೇಡಂ ಕಪಾಟಿನ ಕಡೆ ನೋಡಿದರು. "ನಾನೂ ಪೂರ್ತಿ ಓದಿಲ್ಲ."

ಇಸ್ತ್ರಿ ಕೋಣೆಗೆ ಹೋಗಿ ತನ್ನ ಕೈಚೀಲ ತುಂಬಿಕೊಂಡಳು. ಎರಡು ಜೊತೆ ಬಟ್ಟೆ, ಬಾಚಣಿಗೆ, ಮಗಳ ಫೋಟೋ. ಮನೆ ಮುಚ್ಚಿಸಿ ಜೈಲಿಗೆ ಕರೆದುಕೊಂಡು ಹೋಗುವುದಾದರೆ ಹುಡುಕಾಡುತ್ತ ನಿಲ್ಲಬಾರದು. ಅಂಗಳದ ಕಲ್ಲುಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಪಟಾಕಿ ಬಂದು ಪಕ್ಕದಲ್ಲಿ ಕೂತಳು, ಅವಳ ಕೈಯಲ್ಲೂ ಚೀಲ. ಆಮೇಲೆ ಇನ್ನೊಬ್ಬಳು. ಆರು ಜನರೂ ಸಾಲಾಗಿ ಕೂತರು. ಉಗುರಿನಲ್ಲಿ ಸ್ಮಶಾನದ ಮಣ್ಣು ಹಾಗೇ ಇತ್ತು. ಅಡುಗೆಮನೆಯಲ್ಲಿ ಯಾರೂ ದೀಪ ಹಾಕಲಿಲ್ಲ.

ದೂರದಲ್ಲಿ ಕಾರೊಂದು ಗೇರು ಬದಲಿಸಿ ಈ ಬೀದಿಗೆ ತಿರುಗಿತು.

ಆಫೀಸಿನ ಬಾಗಿಲು ತೆರೆಯಿತು. ಮೇಡಂ ಹೊರಗೆ ಬಂದರು. ಹೆಗಲಿಗೆ ತಮ್ಮ ಚೀಲ ಹಾಕಿಕೊಂಡಿದ್ದರು, ಕೈಯಲ್ಲಿ ಊಟದ ಡಬ್ಬಿ. ಎಲ್ಲಿ ನಿಲ್ಲಬೇಕೆಂದು ತೋಚದೆ ಅಂಗಳದ ನಡುವೆ ಒಂದು ಕ್ಷಣ ನಿಂತರು. ಆಮೇಲೆ ಬೆಂಚಿನ ಹತ್ತಿರ ಬಂದು, "ಸ್ವಲ್ಪ ಸರೀರಿ," ಎಂದರು.

ಆರೂ ಜನ ಒತ್ತೊತ್ತಾಗಿ ಸರಿದುಕೊಂಡರು. ಮೇಡಂ ಇಸ್ತ್ರಿಯ ಪಕ್ಕದಲ್ಲಿ ಕೂತು ಚೀಲವನ್ನೂ ಡಬ್ಬಿಯನ್ನೂ ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಹೊರಗೆ ಕಾರು ನಿಂತು, ಅದರ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಡಬ್ಬಿಯೊಳಗೆ ಚಮಚ ಸಣ್ಣಗೆ, ಬಿಡದೆ, ಗಲಗಲ ಎನ್ನುತ್ತಿತ್ತು.